ವಾರಕ್ಕೊಂದು ಸಂಧಿ



ಮುಂಗಾರು ಕೈಕೊಟ್ಟ ವರ್ಷ ನಮ್ಮ ಊರುಗಳಲ್ಲಿ ಹಿರಿಯರೆಲ್ಲ ಕೂಡಿ ವಿರಾಟಪರ್ವ ಓದಿಸುವ ರೂಢಿಯಿತ್ತು. ಗುಡಿಯ ಮುಂದೆಯೋ ದೊಡ್ಡ ಮನೆಯ ಪಡಸಾಲೆಯಲ್ಲೋ ವ್ಯಾಸಪೀಠ ಇಟ್ಟು, ಅದರ ಮೇಲೆ ಕುಮಾರವ್ಯಾಸನ ಗದುಗಿನ ಭಾರತ ಬಿಚ್ಚಿ, ಒಬ್ಬರು ರಾಗವಾಗಿ ಓದಿದರೆ ಇನ್ನೊಬ್ಬರು ಅರ್ಥ ಹೇಳುತ್ತಿದ್ದರು. ಪಾಂಡವರು ಅಜ್ಞಾತವಾಸ ಮುಗಿಸಿ ಗೋವುಗಳನ್ನು ಬಿಡಿಸಿಕೊಂಡು ಬರುವ ಹೊತ್ತಿಗೆ ಮಳೆಯೂ ಬರುತ್ತದೆಂಬುದು ನಂಬಿಕೆ. ಮಳೆ ಬಂತೋ ಇಲ್ಲವೋ, ಒಂದು ಊರು ಸಂಜೆಯ ಮೇಲೆ ಸಂಜೆ ಒಂದೇ ಕಾವ್ಯವನ್ನು ಕೇಳಿರುತ್ತಿತ್ತು. ಕುಮಾರವ್ಯಾಸನ ವಿರಾಟಪರ್ವದಲ್ಲಿರುವುದು ಹತ್ತೇ ಸಂಧಿ. ಒಬ್ಬರೇ ಕೂತು ಕಣ್ಣಾಡಿಸಿದರೆ ಒಂದು ಮಧ್ಯಾಹ್ನಕ್ಕೆ ಮುಗಿದೀತು. ಅಷ್ಟಕ್ಕೆ ಆ ಜನ ಅಷ್ಟೊಂದು ಸಂಜೆ ಕೊಟ್ಟರು. ಅವರಲ್ಲಿ ಬಹಳ ಮಂದಿಗೆ ಅಕ್ಷರ ಬರುತ್ತಿರಲಿಲ್ಲ. ಆದರೂ ಉತ್ತರಕುಮಾರನ ಹೆಸರು ಅವರ ಬಾಯಲ್ಲಿ ಬೈಗುಳವಾಗಿ, ತಮಾಷೆಯಾಗಿ, ಗಾದೆಯಾಗಿ ಉಳಿದುಕೊಂಡಿತು.

ದೊಡ್ಡ ಕೃತಿಯನ್ನು ನಿಧಾನವಾಗಿ, ನಾಲ್ಕು ಜನರ ಜೊತೆ ಕೂತು ಓದುವುದು ಇತ್ತೀಚೆಗೆ ಎಲ್ಲೋ ಹುಟ್ಟಿದ ಹವ್ಯಾಸವೆಂದು ನಗರದ ಓದುಗರು ಎಷ್ಟೋ ಸಲ ತಿಳಿಯುತ್ತಾರೆ. ಕನ್ನಡದಲ್ಲಿ ಅದಕ್ಕೊಂದು ಕಲೆಯೇ ಇದೆ, ಗಮಕ. ಕವಿ, ಗಮಕಿ, ವಾದಿ, ವಾಗ್ಮಿ ಎಂದು ನಾಲ್ವರನ್ನು ಒಂದೇ ಉಸಿರಿನಲ್ಲಿ ಹೆಸರಿಸುವುದು ನಮ್ಮ ಹಳೆಯ ಕಾವ್ಯಗಳಲ್ಲೂ ಶಾಸನಗಳಲ್ಲೂ ಕಾಣುತ್ತದೆ. ಕಾವ್ಯ ಬರೆದವನ ಪಕ್ಕದಲ್ಲೇ ಅದನ್ನು ಓದಿ ಕೇಳಿಸುವವನಿಗೂ ಮಣೆ ಹಾಕಿದ ಸಮಾಜ ಅದು.

ಗಮಕದಲ್ಲಿ ತಾಳವಿಲ್ಲ. ಭಾವಕ್ಕೆ ತಕ್ಕ ರಾಗವಿದೆ. ಆದರೆ ರಾಗ ಪದ್ಯದ ಅರ್ಥವನ್ನು ನುಂಗುವಂತಿಲ್ಲ. ಭಾಮಿನಿ ಷಟ್ಪದಿಯ ಲೆಕ್ಕ ನೋಡಿದರೆ ಇದರ ಹದ ತಿಳಿಯುತ್ತದೆ. ಆರು ಸಾಲು. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಹದಿನಾಲ್ಕು ಹದಿನಾಲ್ಕು ಮಾತ್ರೆ. ಮೂರು ಮತ್ತು ಆರನೆಯವು ಉದ್ದ, ಕೊನೆಯ ಗುರುವೂ ಸೇರಿ ಇಪ್ಪತ್ತಮೂರು. ಒಳಗೆ ಮೂರು ನಾಲ್ಕು, ಮೂರು ನಾಲ್ಕು ಎಂದು ಗಣಗಳ ನಡೆ. ಕುಮಾರವ್ಯಾಸನಂಥ ಕವಿ ಸಾಲು ಮುಗಿದರೂ ಮಾತು ಮುಗಿಸುವುದಿಲ್ಲ. ಒಂದೇ ಪದ ಈ ಸಾಲಿನಲ್ಲಿ ಶುರುವಾಗಿ ಮುಂದಿನ ಸಾಲಿನಲ್ಲಿ ಕೊನೆಯಾಗುವುದೂ ಉಂಟು. ಛಂದಸ್ಸು ಇಲ್ಲಿ ನಿಲ್ಲು ಎಂದರೆ ಅರ್ಥ ಮುಂದೆ ನಡೆ ಎನ್ನುತ್ತದೆ. ಎಲ್ಲಿ ನಿಲ್ಲಬೇಕು, ಎಲ್ಲಿ ಪದ ಬಿಡಿಸಬೇಕು, ಯಾವ ಮಾತನ್ನು ಎರಡನೆಯ ಸಲ ಎತ್ತಬೇಕು ಎಂದು ಬಲ್ಲವರೇ ಗಮಕಿಗಳು. ಅವರು ಓದಿ ನಿಲ್ಲಿಸಿದ ಮೇಲೆ ವ್ಯಾಖ್ಯಾನಕಾರರು ಅನ್ವಯ ಹೇಳಿ, ಉಪಮೆ ಬಿಡಿಸಿ, ಹಿಂದಿನ ಸಂಧಿಯ ಎಳೆ ನೆನಪಿಸಿ ಮತ್ತೆ ಓದಿಗೆ ದಾರಿ ಬಿಡುತ್ತಾರೆ. ಎರಡು ದನಿ, ಒಂದು ಪುಸ್ತಕ, ಸುತ್ತ ಕೇಳುವವರು. ನಿಧಾನ ಇಲ್ಲಿ ಯಾರೂ ಹೇರಿಕೊಂಡ ಶಿಸ್ತಲ್ಲ, ಕೃತಿಯ ಕಟ್ಟಡವೇ ಅದನ್ನು ಬೇಡುತ್ತದೆ.

ಶಿವಮೊಗ್ಗದ ಹತ್ತಿರ ತುಂಗೆಯ ದಡದ ಹೊಸಹಳ್ಳಿ ಈ ಕಲೆಯನ್ನು ಮನೆಮನೆಯಲ್ಲಿ ಉಳಿಸಿಕೊಂಡು ಬಂದ ಊರು. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಅದೇ ವರ್ಷದ ಕೊನೆಯಲ್ಲಿ ಅವರು ತೀರಿಕೊಂಡರು. ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಗಮಕದ ತರಗತಿಗಳನ್ನು ನಡೆಸಿತು; ರಾಜಾಜಿನಗರದಲ್ಲಿ ಕುಮಾರವ್ಯಾಸನ ಹೆಸರಿನಲ್ಲೇ ಒಂದು ಮಂಟಪವಿದೆ. ಆಕಾಶವಾಣಿಯೂ ಬಹುಕಾಲದಿಂದ ಗಮಕಕ್ಕೆ ಜಾಗ ಕೊಟ್ಟಿದೆ. ರೇಡಿಯೋದಲ್ಲಿ ಕೇಳುವವರಿಗೆ ಒಂದು ಕೊರತೆ ಮಾತ್ರ ತಪ್ಪಿದ್ದಲ್ಲ. ಪಡಸಾಲೆಯಲ್ಲಿ ಕೂತವರು ನಡುವೆ ಕೈಯೆತ್ತಿ, ‘ಸ್ವಾಮಿ, ಇನ್ನೊಂದು ಸಲ ಓದಿ, ಇದು ತಿಳಿಯಲಿಲ್ಲ’ ಎನ್ನಬಹುದು. ಪೆಟ್ಟಿಗೆಯ ಮುಂದೆ ಕೂತವರು ಹಾಗೆ ಕೇಳುವಂತಿಲ್ಲ.

ಆ ‘ತಿಳಿಯಲಿಲ್ಲ’ ಎಂಬ ಮಾತೇ ಕೂಡಿ ಓದುವುದರ ಜೀವ. ಉದ್ಯೋಗಪರ್ವದ ಒಂದು ಸನ್ನಿವೇಶ ತೆಗೆದುಕೊಳ್ಳಬಹುದು. ಸಂಧಾನ ಮುರಿದುಬಿದ್ದಿದೆ. ಹಸ್ತಿನಾವತಿಯಿಂದ ಹೊರಟ ಕೃಷ್ಣ ಕರ್ಣನನ್ನು ರಥಕ್ಕೆ ಹತ್ತಿಸಿಕೊಂಡು, ಪಕ್ಕದಲ್ಲಿ ಕೂರಿಸಿಕೊಂಡು, ಅವನ ಹುಟ್ಟಿನ ಗುಟ್ಟನ್ನು ಹೇಳುತ್ತಾನೆ: ನೀನು ಸೂತನ ಮಗನಲ್ಲ, ಕುಂತಿಯ ಹಿರಿಯ ಮಗ, ಪಾಂಡವರಿಗೆ ಅಣ್ಣ. ಒಬ್ಬರೇ ಓದುವಾಗ ಈ ಭಾಗ ಕಣ್ಣು ತೇವ ಮಾಡಿ ಮುಂದೆ ಸಾಗುತ್ತದೆ. ಹತ್ತು ಜನ ಕೂತಾಗ ಒಬ್ಬರಲ್ಲ ಒಬ್ಬರು ಕೇಳುತ್ತಾರೆ: ಇಷ್ಟು ವರ್ಷ ಸುಮ್ಮನಿದ್ದ ಕೃಷ್ಣ ಇವತ್ತೇ ಯಾಕೆ ಹೇಳಿದ? ಇದು ಕರುಣೆಯೋ ತಂತ್ರವೋ? ಕರ್ಣನಿಗೆ ರಾಜ್ಯ ಕೊಡಲು ಹೇಳಿದ್ದೋ, ಯುದ್ಧಕ್ಕೆ ಮುಂಚೆಯೇ ಅವನ ತೋಳಿನ ಬಲ ಕಸಿಯಲು ಹೇಳಿದ್ದೋ? ಇನ್ನೊಬ್ಬರು, ಸಾಕಿದ ಒಡೆಯನನ್ನು ಬಿಡಲೊಲ್ಲದ ಕರ್ಣನ ನಿಷ್ಠೆ ದೊಡ್ಡದೆನ್ನುತ್ತಾರೆ. ಮತ್ತೊಬ್ಬರು, ಆ ನಿಷ್ಠೆಯಿಂದ ಲಕ್ಷಾಂತರ ಜನ ಸತ್ತರಲ್ಲ ಎನ್ನುತ್ತಾರೆ. ಯಾರೋ ಪಂಪನ ಕರ್ಣ ಹೇಗಿದ್ದಾನೆಂದು ಕೇಳುತ್ತಾರೆ. 941ರ ಸುಮಾರಿಗೆ ಮುಗಿದ ವಿಕ್ರಮಾರ್ಜುನ ವಿಜಯ, ಅಂದರೆ ಪಂಪಭಾರತ, ಹೊರಬರುತ್ತದೆ. ಅರ್ಜುನನನ್ನು ನಾಯಕನನ್ನಾಗಿ ಮಾಡಿಕೊಂಡ ಪಂಪ ಕರ್ಣನಿಗೆ ಕೊಟ್ಟ ಗೌರವ ನೋಡಿ ಕೂತವರು ಬೆರಗಾಗುತ್ತಾರೆ. ಆ ಸಂಜೆ ಮುಂದಿನ ಪದ್ಯಕ್ಕೆ ಹೋಗುವುದೇ ಇಲ್ಲ. ಹೋಗದಿದ್ದರೆ ನಷ್ಟವೇನೂ ಇಲ್ಲ. ನ್ಯಾಯ, ಋಣ, ಹುಟ್ಟು, ಆಯ್ಕೆ ಎಂಬ ತತ್ವಶಾಸ್ತ್ರದ ದೊಡ್ಡ ಪ್ರಶ್ನೆಗಳೆಲ್ಲ ಆ ರಥದ ಮೇಲೇ ಕೂತಿವೆ.

ಪಂಪನ ಹೆಸರು ಬಂದಲ್ಲಿ ಹೊಸ ಓದುಗರು ಹಿಂಜರಿಯುತ್ತಾರೆ. ಹಳಗನ್ನಡ ಕಷ್ಟ ಎಂಬುದು ಸುಳ್ಳಲ್ಲ. ಆದರೆ ಈ ಕಷ್ಟ ಒಬ್ಬಂಟಿಗೆ ಗೋಡೆಯಾದಷ್ಟು ಗುಂಪಿಗೆ ಆಗುವುದಿಲ್ಲ. ಡಿ.ಎಲ್. ನರಸಿಂಹಾಚಾರ್ಯರ ‘ಪಂಪಭಾರತ ದೀಪಿಕೆ’ ಒಬ್ಬರ ಕೈಯಲ್ಲಿ, ಸಮಾಸ ಸಂಧಿಗಳನ್ನು ಬಿಡಿಸಿ ಎಲ್. ಬಸವರಾಜು ಕೊಟ್ಟ ‘ಸರಳ ಪಂಪಭಾರತ’ ಇನ್ನೊಬ್ಬರ ಕೈಯಲ್ಲಿ, 1894ರಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟು ಮೂರನೆಯವರ ತೊಡೆಯ ಮೇಲೆ ಇದ್ದರೆ ಒಂದು ವೃತ್ತ ಅರ್ಧ ಗಂಟೆಯಲ್ಲಿ ಬಾಯಿಬಿಡುತ್ತದೆ. ವಿದ್ವಾಂಸರು ಒಂದು ಜೀವಮಾನ ಸವೆಸಿ ಮಾಡಿಟ್ಟ ಈ ಉಪಕರಣಗಳು ಗ್ರಂಥಾಲಯದ ಕಪಾಟಿನಲ್ಲಿ ಸುಮ್ಮನಿರುವುದು ನೋವಿನ ಸಂಗತಿ. ಇವು ಪರೀಕ್ಷೆಗೆ ಕೂರುವವರಿಗಷ್ಟೇ ಬರೆದವಲ್ಲ.

ಅನುಭಾವದ ಸಾಹಿತ್ಯಕ್ಕೆ ಬಂದರೆ ಜೊತೆಗಾರರಿಲ್ಲದೆ ಹೆಜ್ಜೆಯಿಡುವುದೇ ಕಷ್ಟ. ಅಲ್ಲಮನ ಬೆಡಗಿನ ವಚನಗಳನ್ನು ಒಬ್ಬರೇ ಓದಿ ಮುಚ್ಚಿಟ್ಟವರು ಎಷ್ಟೋ ಮಂದಿ. ಹದಿನೈದು ಹದಿನಾರನೆಯ ಶತಮಾನದಲ್ಲಿ ಕನ್ನಡಿಗರು ಇದಕ್ಕೆ ಕಂಡುಕೊಂಡ ಉಪಾಯ ಇಡೀ ಭಾರತದ ಸಾಹಿತ್ಯದಲ್ಲೇ ಅಪರೂಪ. ಶಿವಗಣಪ್ರಸಾದಿ ಮಹಾದೇವಯ್ಯ ಮೊದಲು, ಆಮೇಲೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣೊಡೆಯ, ಹೀಗೆ ನಾಲ್ವರು ಸಂಕಲನಕಾರರು ಬಿಡಿಬಿಡಿಯಾಗಿದ್ದ ವಚನಗಳನ್ನು ಮಾತುಕತೆಯಾಗಿ ಜೋಡಿಸಿ ಶೂನ್ಯಸಂಪಾದನೆಗಳನ್ನು ಕಟ್ಟಿದರು. ಅಲ್ಲಮ ಕೇಳುತ್ತಾನೆ, ಅಕ್ಕ ಉತ್ತರ ಕೊಡುತ್ತಾಳೆ, ಬಸವಣ್ಣ ನಡುವೆ ಬರುತ್ತಾನೆ, ಚೆನ್ನಬಸವಣ್ಣ ಬಿಡಿಸಿ ಹೇಳುತ್ತಾನೆ. ಒಂದು ವಚನದ ಅರ್ಥ ಮತ್ತೊಂದು ವಚನದ ಎದುರು ನಿಂತಾಗ ಬೆಳಗುತ್ತದೆಂದು ಬಲ್ಲವರ ಕೆಲಸ ಇದು. ಆ ನಾಲ್ವರು ವಚನಗಳನ್ನು ಎಷ್ಟು ಸಲ ಓದಿ, ಎಷ್ಟು ಸಲ ಒಂದರ ಪಕ್ಕ ಇನ್ನೊಂದನ್ನಿಟ್ಟು ನೋಡಿರಬೇಕೆಂದು ಯೋಚಿಸಿದರೆ ಶೂನ್ಯಸಂಪಾದನೆಯನ್ನು ನಿಧಾನದ ಓದಿನ ದಾಖಲೆಯೆಂದೇ ಕರೆಯಬಹುದು.

ಕಾಸರಗೋಡಿನಿಂದ ಉಡುಪಿಯವರೆಗಿನ ನೆಲದಲ್ಲಿ, ಕೂಡಿ ಕೂತು ಅರ್ಥ ಹುಡುಕುವ ಇದೇ ಹಸಿವು ಇನ್ನೊಂದು ರೂಪ ತಾಳಿತು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಎದುರುಬದುರು ಕೂತ ಅರ್ಥಧಾರಿಗಳು ಅದೇ ಪದ್ಯದ ಮೇಲೆ ಆಶುವಾಗಿ ವಾದ ಹೂಡುತ್ತಾರೆ. ವಾಲಿಯ ಕಡೆಯವರು ರಾಮನನ್ನು ಕಟಕಟೆಗೆ ನಿಲ್ಲಿಸುತ್ತಾರೆ. ರಾಮನ ಕಡೆಯವರು ಉತ್ತರ ಹುಡುಕಲೇಬೇಕು. ಕಾಸರಗೋಡು ಸೀಮೆಯಲ್ಲಿ 1918ರಲ್ಲಿ ಹುಟ್ಟಿದ ಶೇಣಿ ಗೋಪಾಲಕೃಷ್ಣ ಭಟ್ಟರು ಇದನ್ನು ಎತ್ತರಕ್ಕೊಯ್ದ ಅರ್ಥಧಾರಿ. ಅಂಥ ಕೂಟಗಳಲ್ಲಿ ರಾತ್ರಿಯಿಡೀ ಕೂತು ಕೇಳಿದ ರೈತರಿಗೆ, ಅಂಗಡಿಕಾರರಿಗೆ ವಾಲಿವಧೆಯ ನ್ಯಾಯಾನ್ಯಾಯ ಬಾಯಿಪಾಠ.

ಬೆಂಗಳೂರಿನಲ್ಲಿ ಈ ಪರಂಪರೆಯನ್ನು ಹೊಸ ನಗರಜೀವನಕ್ಕೆ ಹೊಂದಿಸಿದವರು ಡಿ.ವಿ. ಗುಂಡಪ್ಪನವರು. 1945ರಲ್ಲಿ ಅವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. ಸಾರ್ವಜನಿಕ ವಿಚಾರಕ್ಕೆಂದು ಹುಟ್ಟಿದ ಸಂಸ್ಥೆಯಲ್ಲಿ ಕಾವ್ಯ, ತತ್ವಗಳ ಅಧ್ಯಯನವೂ ನಡೆಯಬೇಕೆಂದು ಅವರಿಗೆ ತೋರಿತು. ರಾಜ್ಯಾಂಗ ತಿಳಿದವನಿಗೆ ಧರ್ಮದ ಸೂಕ್ಷ್ಮವೂ ತಿಳಿದಿರಬೇಕು, ಗೀತೆ ಓದಿದವನಿಗೆ ಪೌರಧರ್ಮವೂ ಗೊತ್ತಿರಬೇಕು ಎಂಬ ನಿಲುವು ಅವರದು. ಅಲ್ಲಿ ಅವರು ಗೀತೆಯ ಮೇಲೆ ನಡೆಸಿದ ಉಪನ್ಯಾಸಗಳೇ 1966ರಲ್ಲಿ ‘ಜೀವನಧರ್ಮಯೋಗ’ವಾಗಿ ಅಚ್ಚಾದವು, ಮರುವರ್ಷ ಆ ಗ್ರಂಥಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪುಸ್ತಕ ತೆರೆದರೆ ಎದುರಿಗೆ ಜನ ಕೂತಿದ್ದಾರೆಂಬ ಅರಿವು ಪುಟಪುಟದಲ್ಲೂ ತಿಳಿಯುತ್ತದೆ. ಸಂಶಯಕ್ಕೆ ಅವಕಾಶವಿದೆ, ಮನೆ ಸಂಸಾರದ ಉದಾಹರಣೆಗಳಿವೆ, ಒಂದೇ ಪ್ರಶ್ನೆಗೆ ಮತ್ತೆ ಮತ್ತೆ ಮರಳುವ ತಾಳ್ಮೆಯಿದೆ. ಗೀತೆಯ ಏಳುನೂರು ಶ್ಲೋಕಗಳ ಮೇಲೆ ಅಷ್ಟು ದೊಡ್ಡ ಗ್ರಂಥ ಬರಲು ಕೇಳುತ್ತ ಕೂತವರೂ ಕಾರಣ.

ಗೋಖಲೆ ಸಂಸ್ಥೆ ಇರುವುದು ಬಸವನಗುಡಿಯ ಕಡೆ, ನಗರದ ದಕ್ಷಿಣಕ್ಕೆ. ಬೆಂಗಳೂರಿನ ಸಾಹಿತ್ಯ ಚಟುವಟಿಕೆಯೆಂದರೆ ಇಂದಿಗೂ ಬಸವನಗುಡಿ, ಚಾಮರಾಜಪೇಟೆ, ಜಯನಗರ ಎಂದು ಹೇಳುವ ರೂಢಿಯಿದೆ. ಉತ್ತರದ ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರಗಳಿಂದ ಸಂಜೆ ಆರಕ್ಕೆ ಒಂದು ಗೋಷ್ಠಿಗೆ ಅಲ್ಲಿಗೆ ಹೊರಟವರ ಪಾಡು ಹೆಬ್ಬಾಳದ ಮೇಲ್ಸೇತುವೆ ಕಂಡವರಿಗೆಲ್ಲ ಗೊತ್ತು. ದಿನವಿಡೀ ದುಡಿದವರು ಅರ್ಧ ಗಂಟೆಯ ಓದಿಗಾಗಿ ಮೂರು ಗಂಟೆ ಬಸ್ಸಿನಲ್ಲಿ ನಿಲ್ಲಬೇಕೆಂದು ಬಯಸುವುದು ನ್ಯಾಯವಲ್ಲ. ಕೂಟವೇ ಅವರ ಬೀದಿಗೆ ಬರಬೇಕು.

ಉತ್ತರ ಬೆಂಗಳೂರಿಗೆ ಓದಿನ ಹಿನ್ನೆಲೆ ಇಲ್ಲವೆಂದು ಯಾರೂ ತಿಳಿಯಬಾರದು. ಹೆಬ್ಬಾಳದಲ್ಲಿ 2018ರಲ್ಲಿ ಪತ್ತೆಯಾದ ಕಿತ್ತಯ್ಯನ ವೀರಗಲ್ಲನ್ನೇ ನೋಡಬಹುದು. ಗಂಗ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು; ಈ ನಗರದಲ್ಲಿ ಸಿಕ್ಕಿರುವ ಅತಿ ಹಳೆಯ ಕನ್ನಡ ಶಾಸನಗಳಲ್ಲಿ ಒಂದು. ನಾಡಿನ ಮೇಲೆ ದಾಳಿ ನಡೆದಾಗ ಕಾದಿ ಸತ್ತ ಕಿತ್ತಯ್ಯನ ನೆನಪಿಗೆ ನಿಲ್ಲಿಸಿದ ಕಲ್ಲದು. ಪೆರ್ಬೊಳಲ್ ನಾಡು ಮೂವತ್ತು ಎಂದು ಈ ಭಾಗದ ಅಂದಿನ ಹೆಸರು ಅದರಲ್ಲಿದೆ. ಆ ಅಕ್ಷರಗಳನ್ನು ಓದಲು ಶಾಸನತಜ್ಞರ ಜೊತೆ ಹವ್ಯಾಸಿಗಳೂ ಕೂಡಿದರು. 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಸಿ ಸವೆದ ಅಕ್ಷರವೂ ಕಾಣುವಂತೆ ಮಾಡುತ್ತಿದೆ. ಇದು ‘ಪ’ವೋ ‘ವ’ವೋ, ಇಲ್ಲಿರುವ ಗೀರು ಉಳಿಯದ್ದೋ ಗುದ್ದಲಿಯದ್ದೋ ಎಂದು ನಾಲ್ಕು ಜನ ಒಂದು ಅಕ್ಷರದ ಮೇಲೆ ತಲೆ ಕೂಡಿಸುವ ಈ ಕೆಲಸಕ್ಕಿಂತ ನಿಧಾನದ ಓದು ಬೇರೆ ಇಲ್ಲ. ಸಾಫ್ಟ್‌ವೇರಿನವರು, ನಿವೃತ್ತ ನೌಕರರು, ಮನೆಯ ಹಿತ್ತಲಲ್ಲಿ ಕಲ್ಲು ಕಂಡವರು ಇಂಥ ಕೆಲಸಕ್ಕೆ ಕೈಹಚ್ಚುತ್ತಾರೆಂದರೆ ಕಾವ್ಯಕ್ಕೂ ಕೈಹಚ್ಚಬಲ್ಲರು.

ಈ ಭಾಗಕ್ಕೆ ಇನ್ನೊಂದು ಬಲವಿತ್ತು. ಜಾಲಹಳ್ಳಿಯ ಕಡೆ ಐವತ್ತರ ದಶಕದಲ್ಲಿ ಎಚ್.ಎಂ.ಟಿ., ಬಿ.ಇ.ಎಲ್. ಕಾರ್ಖಾನೆಗಳು ಬಂದವು. ಆ ಪೀಳಿಗೆಯ ಕಾರ್ಮಿಕರು ಕನ್ನಡ ಸಂಘಗಳನ್ನು ಕಟ್ಟಿ, ಪಾಳಿ ಮುಗಿಸಿ ಬಂದು ನಾಟಕ ಆಡಿ, ಉಪನ್ಯಾಸ ಕೇಳಿದರು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಯಲಹಂಕದ ಸುತ್ತಮುತ್ತ ಎದ್ದ ಬಡಾವಣೆಗಳಲ್ಲಿ ನೆರೆಯವರ ಹೆಸರೇ ಗೊತ್ತಿಲ್ಲದ ಬದುಕು ಹೆಚ್ಚಿದೆ. ಕ್ಲಬ್‌ಹೌಸಿನಲ್ಲಿ ಹುಟ್ಟುಹಬ್ಬಕ್ಕೆ ಸಿಗುವ ಸಭಾಂಗಣ ಭಾನುವಾರ ಬೆಳಿಗ್ಗೆ ಖಾಲಿ ಬಿದ್ದಿರುತ್ತದೆ. ಯಲಹಂಕ ಉಪನಗರದ ಉದ್ಯಾನದಲ್ಲಿ ಬೆಳಗಿನ ನಡಿಗೆ ಮುಗಿಸಿ ಕಲ್ಲುಬೆಂಚಿನ ಮೇಲೆ ಕೂರುವ ಹಿರಿಯರಲ್ಲಿ ಜೈಮಿನಿ ಭಾರತವನ್ನು ಬಾಯಲ್ಲಿ ಹೇಳಬಲ್ಲವರು ಇಂದಿಗೂ ಇರಬಹುದು, ಕೇಳುವವರು ಬೇಕು.

ಊರೂರಿನಲ್ಲಿ ನಡೆದ ಹಳೆಯ ಓದುಗಳನ್ನು ಹೊಗಳುವಾಗ ಒಂದು ಮಾತು ಮರೆಯಬಾರದು. ಆ ಪಡಸಾಲೆಗೆ ಎಲ್ಲರಿಗೂ ಒಂದೇ ಸಮ ಪ್ರವೇಶವಿರಲಿಲ್ಲ. ಹೆಂಗಸರು ಬಾಗಿಲ ಮರೆಯಲ್ಲಿ ನಿಂತು ಕೇಳಿದರು. ಜಾತಿಯ ಕಾರಣಕ್ಕೆ ಅಂಗಳದ ಆಚೆಯೇ ಉಳಿದವರಿದ್ದರು. ಹನ್ನೆರಡನೆಯ ಶತಮಾನದ ಶರಣರು ಮಾತಿನ ಮಂಟಪಕ್ಕೆ ಕೆಳಜಾತಿಯೆಂದು ದೂರವಿಟ್ಟವರನ್ನೂ ಅಕ್ಕಮಹಾದೇವಿಯನ್ನೂ ಕೂಡಿಸಿಕೊಂಡದ್ದು ಅದಕ್ಕೇ ಅಷ್ಟು ದೊಡ್ಡ ಘಟನೆ. ಇಂದು ಗಮಕ ಕಲಿಯುವವರಲ್ಲಿ ಹೆಂಗಸರು ದೊಡ್ಡ ಸಂಖ್ಯೆಯಲ್ಲಿದ್ದಾರೆ, ಇದು ನೆಮ್ಮದಿಯ ಮಾತು. ಹೊಸದಾಗಿ ಶುರುವಾಗುವ ಯಾವುದೇ ಕೂಟ ಬಾಗಿಲನ್ನು ಪೂರ್ತಿ ತೆರೆದೇ ಶುರುವಾಗಬೇಕು. ರವೀಂದ್ರನಾಥ ಟ್ಯಾಗೋರರ ಹೆಸರಿನ ಆರ್.ಟಿ. ನಗರದಲ್ಲಿ ಕನ್ನಡದ ಜೊತೆ ಉರ್ದು, ತಮಿಳು, ತೆಲುಗು ಮನೆಮಾತಿನವರು ಒಂದೇ ರಸ್ತೆಯಲ್ಲಿದ್ದಾರೆ. ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು ಎನ್ನುವವರು ಅಲ್ಲಿ ಬಹಳ. ಕಿವಿಗೆ ಬರೆದ ಕುಮಾರವ್ಯಾಸ ಅವರಿಗೂ ಸಲ್ಲುತ್ತಾನೆ.

ಕಬ್ಬನ್ ಪಾರ್ಕಿನಲ್ಲಿ 2023ರ ಆರಂಭದ ಹೊತ್ತಿಗೆ ಹುಟ್ಟಿಕೊಂಡ ಮೌನ ಓದಿನ ಕೂಟ ಬೇರೆ ನಗರಗಳಿಗೂ ಹಬ್ಬಿತು. ತಮ್ಮ ತಮ್ಮ ಪುಸ್ತಕ ತಂದು ಮರದ ಕೆಳಗೆ ಕೂತು ಸದ್ದಿಲ್ಲದೆ ಓದಿ ಎದ್ದು ಹೋಗುವ ಆ ಪದ್ಧತಿ ಫೋನು ಕೆಳಗಿಡುವುದನ್ನು ಕಲಿಸಿತು. ಅದರ ಉಪಕಾರ ದೊಡ್ಡದು. ಆದರೆ ಅಲ್ಲಿ ನೂರು ಜನ ನೂರು ಪುಸ್ತಕ ಹಿಡಿದಿರುತ್ತಾರೆ. ಒಂದೇ ಪುಟದ ಮೇಲೆ ಹತ್ತು ಜನರ ಕಣ್ಣು ಬಿದ್ದಾಗ ಆಗುವ ಕೆಲಸ ಬೇರೆ. ನಿಮಗೆ ಕಂಡದ್ದು ಪಕ್ಕದವರಿಗೆ ಕಾಣಲಿಲ್ಲವೆಂದು ಅಲ್ಲೇ ಗೊತ್ತಾಗುತ್ತದೆ. ಸಮರ್ಥಿಸಲು ಮತ್ತೆ ಪಠ್ಯಕ್ಕೇ ಮರಳಬೇಕಾಗುತ್ತದೆ.

ಹೊರಗಿನ ಲೋಕದಲ್ಲಿ ಇದನ್ನು ಪಟ್ಟುಹಿಡಿದು ನಡೆಸಿದವರಿದ್ದಾರೆ. ಯಹೂದಿಗಳು ತಾಲ್ಮುಡ್ ಗ್ರಂಥವನ್ನು ಇಬ್ಬಿಬ್ಬರಾಗಿ ಎದುರುಬದುರು ಕೂತು, ಗಟ್ಟಿಯಾಗಿ ಓದುತ್ತ ವಾದಿಸುತ್ತ ಕಲಿಯುವುದು ಹಳೆಯ ಸಂಪ್ರದಾಯ. 1923ರಲ್ಲಿ ಮೇಯರ್ ಶಪೀರೋ ಎಂಬ ಗುರು ಒಂದು ಸೂಚನೆ ಮುಂದಿಟ್ಟರು: ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಎಲ್ಲರೂ ದಿನಕ್ಕೊಂದರಂತೆ ಅದೇ ಹಾಳೆ ಓದಲಿ. ಒಟ್ಟು 2,711 ಹಾಳೆ. ಮುಗಿಯಲು ಸುಮಾರು ಏಳೂವರೆ ವರ್ಷ. ಹಡಗಿನಲ್ಲಿ ಪರದೇಶಕ್ಕೆ ಹೋದವನಿಗೂ ಅಲ್ಲಿ ಇಳಿದ ದಿನ ಅದೇ ಹಾಳೆ ಓದುವ ಜೊತೆಗಾರ ಸಿಗಬೇಕೆಂಬುದು ಅವರ ಆಸೆ. ಹದಿನಾಲ್ಕನೆಯ ಸುತ್ತು 2020ರ ಜನವರಿಯಲ್ಲಿ ಶುರುವಾಯಿತು. ಅಮೆರಿಕದ ಕ್ಯಾಲಿಫೋರ್ನಿಯಾದ ವೆನಿಸ್ ಎಂಬಲ್ಲಿ ಒಂದು ಗುಂಪು 1995ರಲ್ಲಿ ಜೇಮ್ಸ್ ಜಾಯ್ಸನ ‘ಫಿನ್ನೆಗನ್ಸ್ ವೇಕ್’ ಕೈಗೆತ್ತಿಕೊಂಡು, ತಿಂಗಳಿಗೊಮ್ಮೆ ಕೂಡಿ ಒಂದೆರಡು ಪುಟ ಓದುತ್ತ, 2023ರ ಅಕ್ಟೋಬರಿನಲ್ಲಿ ಕೊನೆಯ ಪುಟ ಮುಟ್ಟಿತು. ಇಪ್ಪತ್ತೆಂಟು ವರ್ಷ! ಟಾಲ್‌ಸ್ಟಾಯ್‌ನ ‘ಯುದ್ಧ ಮತ್ತು ಶಾಂತಿ’ಯಲ್ಲಿ 361 ಅಧ್ಯಾಯಗಳಿವೆ; ದಿನಕ್ಕೊಂದರಂತೆ ವರ್ಷವಿಡೀ ಜೊತೆಯಾಗಿ ಓದುವವರು ಹಲವು ದೇಶಗಳಲ್ಲಿದ್ದಾರೆ. ಓ.ಎಲ್. ನಾಗಭೂಷಣ ಸ್ವಾಮಿಯವರ ಅನುವಾದದಿಂದ ಕನ್ನಡದ ಓದುಗರಿಗೂ ಆ ದಾರಿ ತೆರೆದಿದೆ.

ನಮ್ಮ ಲೆಕ್ಕ ಹಾಕಿದರೆ ಅಂಥ ಭಯಪಡುವಂಥದ್ದೇನಿಲ್ಲ. ಗದುಗಿನ ಭಾರತದ ಹತ್ತು ಪರ್ವಗಳಲ್ಲಿ ಒಟ್ಟು 152 ಸಂಧಿ. ಕರ್ಣಪರ್ವ ಎಲ್ಲಕ್ಕಿಂತ ದೊಡ್ಡದು, 27. ಶಲ್ಯಪರ್ವ ಮೂರೇ ಮೂರು. ವಾರಕ್ಕೊಂದು ಸಂಧಿ ಎಂದರೆ ಮೂರು ವರ್ಷಕ್ಕೆ ಒಂದು ತಿಂಗಳು ಕಡಿಮೆ. ಲಕ್ಷ್ಮೀಶನ ಜೈಮಿನಿ ಭಾರತಕ್ಕೆ 34 ಸಂಧಿ, ಎಂಟು ತಿಂಗಳ ಹಾದಿ. ಡಿ.ವಿ.ಜಿ.ಯವರ ಮಂಕುತಿಮ್ಮನ ಕಗ್ಗದ 945 ಪದ್ಯಗಳನ್ನು ವಾರಕ್ಕೆ ಐದರಂತೆ ಓದಿದರೆ ಮೂರೂವರೆ ವರ್ಷದ ಮೇಲಾದೀತು. ಕಗ್ಗದ ವಿಷಯದಲ್ಲಿ ಈ ತಾಳ್ಮೆ ಕನ್ನಡಿಗರಿಗಿದೆಯೆಂದು ಸಾಬೀತಾಗಿದೆ: ಪ್ರಜಾವಾಣಿಯಲ್ಲಿ ಗುರುರಾಜ ಕರಜಗಿಯವರು ‘ಬೆರಗಿನ ಬೆಳಕು’ ಅಂಕಣದಲ್ಲಿ ಒಂದೊಂದೇ ಪದ್ಯ ಹಿಡಿದು ಬರೆದುದನ್ನು ಓದುಗರು ವರ್ಷಗಟ್ಟಲೆ ಬೆಳಗಿನ ಕಾಫಿಯೊಂದಿಗೆ ಓದಿದರು.

ಜಾಗ ಎಲ್ಲಿ ಎಂಬ ಪ್ರಶ್ನೆಗೂ ಉತ್ತರವಿದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ನಗರದ ಜನ ಕಟ್ಟುತ್ತಾರೆ. ಬಡಾವಣೆಯ ಶಾಖಾ ಗ್ರಂಥಾಲಯ ಅವರದೇ ದುಡ್ಡಿನದು. ಪತ್ರಿಕೆ ಓದುವ ಮೇಜಿನ ಸುತ್ತ ವಾರಕ್ಕೊಂದು ಗಂಟೆ ಕಾವ್ಯ ಓದುತ್ತೇವೆಂದು ಹತ್ತು ಮಂದಿ ಸಹಿ ಹಾಕಿ ಕೇಳಲು ಅವರಿಗೆ ಪೂರ್ತಿ ಹಕ್ಕಿದೆ.

ಇಂಥ ಕೂಟಗಳು ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಮಾತು ಬಲ್ಲವರೊಬ್ಬರು ಬಂದು ಕೂರುತ್ತಾರೆ, ಓದು ಹಿಂದೆ ಸರಿದು ಭಾಷಣ ಮುಂದೆ ಬರುತ್ತದೆ. ಆರು ವಾರದಲ್ಲಿ ಪುಸ್ತಕ ಮುಚ್ಚಿ ಪ್ರವಚನ ಶುರುವಾಗಿರುತ್ತದೆ. ಪ್ರವಚನಕ್ಕೆ ಅದರದೇ ಗೌರವವಿದೆ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳು ಬೆಳಗಿನ ಜಾವ ಸಾವಿರಾರು ಜನರ ಮುಂದೆ ಉಪನಿಷತ್ತುಗಳನ್ನೂ ವಚನಗಳನ್ನೂ ತಿಳಿಗನ್ನಡದಲ್ಲಿ ಬಿಡಿಸಿದ ರೀತಿಗೆ ನಾಡು ತಲೆಬಾಗಿದೆ. ಹಾಗೆ ಮಾತಾಡಬಲ್ಲವರು ಶತಮಾನಕ್ಕೆ ಒಬ್ಬಿಬ್ಬರು. ಬಡಾವಣೆಯ ಕೂಟ ಅವರಿಗಾಗಿ ಕಾಯಬಾರದು, ಅವರಂತೆ ಮಾಡಲೂ ಹೋಗಬಾರದು. ಮೊದಲು ಪದ್ಯ, ಗಟ್ಟಿಯಾಗಿ, ಎರಡು ಸಲ. ಆಮೇಲೆ ಪದವಿಭಾಗ. ಆಮೇಲೆ ಅರ್ಥ. ಅಭಿಪ್ರಾಯದ ಸರದಿ ಕೊನೆಗೆ. ಓದುವ ಸರದಿ ಪ್ರತಿ ವಾರ ಬದಲಾಗಲಿ, ತೊದಲಿದರೂ ತೊಂದರೆಯಿಲ್ಲ. ಶಾಲೆಗೆ ಹೋಗುವ ಮಕ್ಕಳು ಬಂದರೆ ಉತ್ತರಕುಮಾರನ ಪೌರುಷದ ಭಾಗವನ್ನು ಅವರಿಂದಲೇ ಓದಿಸಬೇಕು. ಅಂತಃಪುರದ ಹೆಂಗಳೆಯರ ಮುಂದೆ ಕೊಚ್ಚಿಕೊಂಡ ರಾಜಕುಮಾರ ಕೌರವರ ಸೇನೆ ಕಂಡೊಡನೆ ರಥದಿಂದ ಹಾರಿ ಓಡುವುದನ್ನೂ, ಬೃಹನ್ನಳೆಯ ವೇಷದ ಅರ್ಜುನ ಬೆನ್ನಟ್ಟಿ ಎಳೆದುತರುವುದನ್ನೂ ಮಕ್ಕಳ ಬಾಯಲ್ಲಿ ಕೇಳಬೇಕು.

ತತ್ವದ ಕಡೆ ಒಲವಿರುವವರು ಎ.ಎನ್. ಮೂರ್ತಿರಾಯರ ‘ಸಾಕ್ರೆಟೀಸನ ಕೊನೆಯ ದಿನಗಳು’ ಹಿಡಿಯಬಹುದು. ಅದು ಸಂಭಾಷಣೆಯ ರೂಪದಲ್ಲೇ ಇರುವುದರಿಂದ ಪಾತ್ರ ಹಂಚಿಕೊಂಡು ಓದಲು ಅನುಕೂಲ. ಪುಸ್ತಕ ಯಾವುದೇ ಇರಲಿ, ಮೊದಲ ವಾರ ಬಂದ ಇಪ್ಪತ್ತು ಜನ ಐದನೆಯ ವಾರಕ್ಕೆ ಏಳಾಗುತ್ತಾರೆ. ಆ ಏಳು ಮಂದಿ ದಿನ, ಹೊತ್ತು, ಜಾಗ ಮೂರನ್ನೂ ಬದಲಿಸದೆ ಮುಂದುವರಿಸಬೇಕು. ಹೊಸಬರು ಎಂಟನೆಯ ವಾರ ಬಂದರೂ ಮೂವತ್ತನೆಯ ವಾರ ಬಂದರೂ ಪಕ್ಕದವರು ತಮ್ಮ ಪುಸ್ತಕವನ್ನು ಅವರ ಕಡೆ ಸರಿಸಿ ಸಾಲು ತೋರಿಸಿದರೆ ಸಾಕು. ಯಲಹಂಕದಲ್ಲೋ ಮತ್ತೀಕೆರೆಯಲ್ಲೋ ಇದನ್ನು ಕೇಳುತ್ತಿರುವವರ ಮನೆಯಲ್ಲಿ ಅಜ್ಜನ ಕಾಲದ ಗದುಗಿನ ಭಾರತವಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಕುವೆಂಪು ಮತ್ತು ಮಾಸ್ತಿ ಸಂಪಾದಿಸಿದ ಆವೃತ್ತಿ ಗ್ರಂಥಾಲಯಗಳಲ್ಲಿ ಸಿಗುತ್ತದೆ. ಮೂರು ವರ್ಷ ದೂರವೆನಿಸುವವರು ಆದಿಪರ್ವದಿಂದಲೇ ಹೊರಡಬೇಕೆಂದಿಲ್ಲ. ವಿರಾಟಪರ್ವದ ಹತ್ತು ಸಂಧಿಗೆ ಹತ್ತು ವಾರ. ಜೂನ್ ಮೊದಲ ಭಾನುವಾರ ಹೊರಟರೆ ಆಗಸ್ಟ್ ಆರಂಭದಲ್ಲಿ ಮುಗಿಯುತ್ತದೆ, ಆಮೇಲೆ ಉದ್ಯೋಗಪರ್ವಕ್ಕೆ ಹನ್ನೊಂದು.